ಅಣಬೆ ನಿಜವಾಗಿಯೂ ಹಾಡುತ್ತದೆಯೇ?

ಎಲೆಗೋ ಅಣಬೆಗೋ ಎರಡು ವೈರ್ ಸಿಕ್ಕಿಸಿರುತ್ತಾರೆ. ಪಕ್ಕದ ಪೆಟ್ಟಿಗೆಯ ತುಂಬ ಕೇಬಲ್‌ಗಳು, ಮಿನುಗುವ ದೀಪಗಳು. ಇಂಪಾದ ಸಂಗೀತ ಕೇಳಿಬರುತ್ತದೆ. 'ಪ್ರಕೃತಿ ಹಾಡುತ್ತಿದೆ' ಎಂಬ ಒಕ್ಕಣೆಯ ಇಂಥ ವಿಡಿಯೋಗಳನ್ನು ನೀವೂ ನೋಡಿರಬಹುದು. ಸಂಗೀತ ನಿಜ. ಆದರೆ ಹಾಡುತ್ತಿರುವುದು ಯಾರು?

ಆ ಪೆಟ್ಟಿಗೆ ಏನು?
ಅದು ಮಾಡ್ಯುಲರ್ ಸಿಂಥಸೈಜರ್. 1960ರ ದಶಕದಲ್ಲಿ ಅಮೆರಿಕದ ರಾಬರ್ಟ್ ಮೋಗ್ ಮತ್ತು ಡಾನ್ ಬುಕ್ಲಾ ಬೇರೆಬೇರೆಯಾಗಿ ಇಂಥವನ್ನು ರೂಪಿಸಿದರು. ಇದರಲ್ಲಿ ಒಂದೊಂದು ಮಾಡ್ಯೂಲ್‌ಗೆ ಒಂದೊಂದು ಕೆಲಸ. ಯಾವುದನ್ನು ಯಾವುದಕ್ಕೆ ಜೋಡಿಸಬೇಕೆಂದು ನುಡಿಸುವವರೇ ತೀರ್ಮಾನಿಸುತ್ತಾರೆ. ಈ ಜೋಡಣೆಯೇ 'ಪ್ಯಾಚಿಂಗ್'.

ಗಿಡ ಕೊಡುವುದೇನು?
ಎಲೆಯಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದು ಆಗಾಗ ತುಸು ಬದಲಾಗುತ್ತಿರುತ್ತದೆ. ಸೆನ್ಸರ್ ಈ ಏರಿಳಿತವನ್ನು ಅಳೆದು ವೋಲ್ಟೇಜ್ ಆಗಿ ಕಳಿಸುತ್ತದೆ. ಅದರಲ್ಲಿ ಸ್ವರವೂ ಇಲ್ಲ, ತಾಳವೂ ಇಲ್ಲ. ಒದ್ದೆ ಬಟ್ಟೆಗೆ ವೈರ್ ಸಿಕ್ಕಿಸಿ ಬೆರಳಿಂದ ಅದುಮಿದರೂ ಏರಿಳಿತ ಬರುತ್ತದೆ, ಸಂಗೀತವೂ ಹೊಮ್ಮುತ್ತದೆ!

ಹಾಗಾದರೆ ಇಂಪು ಎಲ್ಲಿಂದ?
'ಕ್ವಾಂಟೈಸರ್' ಎಂಬ ಮಾಡ್ಯೂಲ್‌ನಿಂದ. ಇಲ್ಲಿ ಹೆಚ್ಚಾಗಿ ಬಳಸುವ ಲೆಕ್ಕದಲ್ಲಿ, 1 ವೋಲ್ಟ್ ಹೆಚ್ಚಾದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಆ 1 ವೋಲ್ಟನ್ನು 12 ಭಾಗ ಮಾಡಿದರೆ 12 ಸ್ವರಸ್ಥಾನಗಳು. ಕ್ವಾಂಟೈಸರ್ ಅಡ್ಡಾದಿಡ್ಡಿ ವೋಲ್ಟೇಜನ್ನು ಹತ್ತಿರದ ಸ್ವರಕ್ಕೆ ತಂದು ಕೂರಿಸುತ್ತದೆ. ಮೋಹನ ರಾಗದ ಐದು ಸ್ವರಗಳನ್ನಷ್ಟೇ ಆಯ್ದುಕೊಟ್ಟರೆ ಅಪಸ್ವರಕ್ಕೆ ದಾರಿಯೇ ಇಲ್ಲ.

ಮುಂದಿನದು ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್. ಈ ಬಗೆಯ ಮಾಡ್ಯೂಲ್‌ಗಳು ಧ್ವನಿಯನ್ನು ಸಂಖ್ಯೆಗಳಾಗಿಸಿ, ಚಿಪ್‌ನಲ್ಲಿ ಲೆಕ್ಕ ಮಾಡಿ ಬದಲಿಸುತ್ತವೆ. ಉದಾಹರಣೆಗೆ, ಮ್ಯೂಟಬಲ್ ಇನ್‌ಸ್ಟ್ರುಮೆಂಟ್ಸ್‌ನ 'ಕ್ಲೌಡ್ಸ್' ಧ್ವನಿಯನ್ನು ಹಿಡಿದಿಟ್ಟು, ಸಣ್ಣ ಚೂರುಗಳಾಗಿಸಿ, ಒಂದರ ಮೇಲೊಂದು ಹರಡುತ್ತದೆ. ಚೂರಿನ ಗಾತ್ರವನ್ನೂ ವೋಲ್ಟೇಜ್‌ನಿಂದ ಬದಲಿಸಬಹುದು. ಗಿಡದಿಂದ ಬಂದ ಕೇಬಲನ್ನು ಕ್ವಾಂಟೈಸರ್‌ನಿಂದ ಕಿತ್ತು ಇಲ್ಲಿಗೆ ಸಿಕ್ಕಿಸಿದರೆ, ಅದೇ ಎಲೆ ಈಗ ಸ್ವರವನ್ನಲ್ಲ, ಧ್ವನಿಯ ಸ್ವರೂಪವನ್ನು ಬದಲಿಸುತ್ತದೆ. ಎಲೆ ಅದೇ, 'ಹಾಡು' ಮಾತ್ರ ಬೇರೆ. ವ್ಯತ್ಯಾಸ ತಂದದ್ದು ಒಂದು ಕೇಬಲ್.

ಹಾಗಿದ್ದರೆ ಎಲ್ಲವೂ ಸುಳ್ಳೇ?
ಇಲ್ಲ. ಸಸ್ಯಗಳಲ್ಲಿ ವಿದ್ಯುತ್ ಸಂಕೇತಗಳು ಖಂಡಿತ ಇವೆ. ಮುಟ್ಟಿದರೆ ಮುನಿಯ ಎಲೆ ಮಡಚಿಕೊಳ್ಳುವಾಗಲೂ ಅವು ಕೆಲಸ ಮಾಡುತ್ತವೆ. ಜಗದೀಶ ಚಂದ್ರ ಬೋಸ್ 20ನೇ ಶತಮಾನದ ಆರಂಭದಲ್ಲೇ ಇವುಗಳನ್ನು ಅಧ್ಯಯನ ಮಾಡಿದ್ದರು. ಆದರೆ ಸಂಕೇತ ಬೇರೆ, ಸಂಗೀತ ಬೇರೆ. ಅಂದಹಾಗೆ, ಅಣಬೆ ಗಿಡವೇ ಅಲ್ಲ, ಅದೊಂದು ಶಿಲೀಂಧ್ರ.

ಇಂಥ ವಿಡಿಯೋ ಬಂದರೆ ಖುಷಿಯಿಂದ ಕೇಳಿ, ಹಂಚಿಕೊಳ್ಳಿ. ಒಕ್ಕಣೆಯನ್ನು ಮಾತ್ರ ಬದಲಿಸಿ: ಏರಿಳಿತ ಗಿಡದ್ದು, ಹಾಡು ಕೇಬಲ್ ಜೋಡಿಸಿದ ಕಲಾವಿದರದ್ದು.