ಟ್ರಾಲಿ ಎರಡನೇ ಬೆಡ್‌ನಲ್ಲೇ ನಿಂತಿದೆ

ಜಿಲ್ಲಾಸ್ಪತ್ರೆಯ ಮಹಿಳಾ ಮೆಡಿಕಲ್ ವಾರ್ಡು, ಬೆಳಗಿನ ಪಾಳಿ. ನೈಟ್ ಡ್ಯೂಟಿಯವರಿಂದ ಚಾರ್ಜ್ ತೆಗೆದುಕೊಂಡ ಸಿಸ್ಟರು ಔಷಧಿ ಟ್ರಾಲಿ ತಳ್ಳಿಕೊಂಡು ಹೊರಟಿದ್ದಾರೆ. ವಾರ್ಡಿನ ಆ ತುದಿಗೆ ನಡೆದರೆ ಒಂದು ನಿಮಿಷದ ದಾರಿ. ಟ್ರಾಲಿ ಮಾತ್ರ ಎರಡನೇ ಬೆಡ್ ದಾಟಿಲ್ಲ.

ಅಲ್ಲಿರುವ ಅಜ್ಜಿಗೆ ತಿಂಡಿಗೆ ಮುಂಚೆ ಇನ್ಸುಲಿನ್ ಆಗಬೇಕು. ಸಿಸ್ಟರು ಕೆಂಪು ಮುಚ್ಚಳದ ಸಿರಿಂಜ್ ಬಿಚ್ಚಿ, ವಯಲ್ ತಲೆಕೆಳಗೆ ಹಿಡಿದು, ಕಣ್ಣು ಕಿರಿದು ಮಾಡಿ ಗೆರೆ ನೋಡುತ್ತಿದ್ದಾರೆ. ಕೆಂಪು ಮುಚ್ಚಳದ್ದು ಮಿ.ಲೀ.ಗೆ 40 ಯೂನಿಟ್ ಇರುವ ವಯಲ್‌ಗೆ, ಕಿತ್ತಳೆಯದು 100 ಇರುವುದಕ್ಕೆ. ಅದಲುಬದಲಾದರೆ ಡೋಸು ಎರಡೂವರೆ ಪಟ್ಟು ಹೆಚ್ಚು ಇಲ್ಲವೇ ಕಮ್ಮಿ.

“ಸಿಸ್ಟರ್, ನಮ್ಮಮ್ಮನ ಬಾಟ್ಲಿ ಖಾಲಿ ಆಯ್ತು!”

ಹೋಗಲೇಬೇಕು. ತಡವಾದರೆ ರಕ್ತ ಪೈಪಿಗೇರಿ ಕೈಗೆ ಹಾಕಿದ ವೆನ್‌ಫ್ಲಾನ್ ಕಟ್ಟಿಕೊಳ್ಳುತ್ತದೆ, ಆಮೇಲೆ ಊದಿದ ಕೈಯಲ್ಲಿ ಮತ್ತೆ ನರ ಹುಡುಕುವ ಪಾಡು. ಬಾಟಲಿ ಬದಲಿಸಿ ತಿರುಗಿದರೆ ಲ್ಯಾಬಿನ ಫೋನು: ಸ್ಯಾಂಪಲ್ ಹೆಪ್ಪುಗಟ್ಟಿದೆ, ಇನ್ನೊಂದು ಕಳಿಸಿ. ಫೋನಿಡುವಷ್ಟರಲ್ಲಿ ಆಯುಷ್ಮಾನ್ ಫೈಲು ಹಿಡಿದವರೊಬ್ಬರು: “ರೇಷನ್ ಕಾರ್ಡ್ ಜೆರಾಕ್ಸ್ ಯಾರ ಹತ್ರ ಕೊಡ್ಬೇಕು?” ಬಿಪಿ ಮೆಷಿನ್ ಪಕ್ಕದ ವಾರ್ಡಿನವರು ಒಯ್ದಿದ್ದಾರೆ, ತಂದುಕೊಡಬೇಕಾದ ಗ್ರೂಪ್ ಡಿ ಸಿಬ್ಬಂದಿ ಸ್ಟ್ರೆಚರ್ ಜೊತೆ ಎಕ್ಸ್‌ರೇಗೆ ಹೋಗಿದ್ದಾರೆ. ಇಷ್ಟರಲ್ಲಿ ರೌಂಡ್ಸ್ ಬಂತು. “ಆರನೇ ಬೆಡ್ ಕೇಸ್ ಶೀಟ್ ಎಲ್ಲಿ ಸಿಸ್ಟರ್?”

ಕೇಳಿದವರೆಲ್ಲ ಕೇಳಿದ್ದು ಒಂದೊಂದೇ ಮಾತು. ಆದರೆ ಇದು ಒಗ್ಗರಣೆಗೆ ಎಣ್ಣೆ ಇಟ್ಟು ಬಾಗಿಲು ತೆಗೆಯಲು ಹೋಗಿ ಬಂದಂತಲ್ಲ. ಅಜ್ಜಿಯ ಬಳಿ ಮರಳಿದ ಸಿಸ್ಟರಿಗೆ ಎಳೆದಿಟ್ಟ ಸಿರಿಂಜಿನ ಮೇಲೆ ನಂಬಿಕೆಯಿಲ್ಲ. ಅದನ್ನು ಬಿಸಾಡಿ, ಚಾರ್ಟ್ ತೆರೆದು, ಮೊದಲಿನಿಂದ ಶುರು ಮಾಡುತ್ತಾರೆ. ಅಜ್ಜಿಯ ಮುಂದೆ ಇಡ್ಲಿ ಆರುತ್ತಿದೆ.

ಸಿಡ್ನಿಯ ಎರಡು ಆಸ್ಪತ್ರೆಗಳಲ್ಲಿ 98 ನರ್ಸುಗಳ ಹಿಂದೆ ಹಿಂದೆಯೇ ಓಡಾಡಿ ಇಂಥ ಅಡ್ಡಿಗಳನ್ನು ಅಳೆದವರಿದ್ದಾರೆ. 2010ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಔಷಧಿ ಕೊಡುವಾಗ ಅರ್ಧಕ್ಕಿಂತ ಹೆಚ್ಚು ಸಲ ಯಾರೋ ಅಡ್ಡ ಬಂದಿದ್ದರು, ಪ್ರತಿ ಅಡ್ಡಿಯ ಜೊತೆ ತಪ್ಪು ಸುಮಾರು ಶೇ 12ರಷ್ಟು ಏರಿತ್ತು. ಸಿಡ್ನಿಯಲ್ಲೇ ಹೀಗೆ! ನಮ್ಮಲ್ಲಿ ಸಾಮಾನ್ಯ ಆಸ್ಪತ್ರೆಗೆ ಐದು ರೋಗಿಗೆ ಒಬ್ಬ ನರ್ಸ್ ಎಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ಈ ವಾರ್ಡಿನ ಮೂವತ್ತು ಹಾಸಿಗೆಗೆ ಇರುವವರು ಇಬ್ಬರು, ಅವರಲ್ಲೊಬ್ಬರು ಇಂಡೆಂಟ್ ಪುಸ್ತಕ ಹಿಡಿದು ಸ್ಟೋರಿನ ಮುಂದೆ ನಿಂತಿದ್ದಾರೆ.

ರೋಗಿಯ ಕಡೆಯವರನ್ನು ಬೈದು ಪ್ರಯೋಜನವಿಲ್ಲ. ಜೆರಾಕ್ಸ್ ಯಾರಿಗೆ ಕೊಡಬೇಕೆಂದು ಹೇಳುವ ಒಂದು ಬೋರ್ಡು, ಫೋನೆತ್ತಲು ಒಬ್ಬ ಗುಮಾಸ್ತ, ವಾರ್ಡಿಗೆ ತನ್ನದೇ ಒಂದು ಬಿಪಿ ಮೆಷಿನ್ ಇದ್ದಿದ್ದರೆ ಇವುಗಳಲ್ಲಿ ಅರ್ಧ ಕೂಗು ಏಳುತ್ತಲೇ ಇರಲಿಲ್ಲ. ಅದು ಆಡಳಿತದವರ ಕೆಲಸ. ನಾವು ಮಾಡಬಹುದಾದದ್ದು ಇಷ್ಟು: ಉಸಿರಾಟಕ್ಕೆ ತೊಂದರೆಯಾದರೆ, ಡ್ರಿಪ್ ಮುಗಿದರೆ ಕೂಗಿ ಕರೆಯಿರಿ. ತುರ್ತಲ್ಲದ ಬೇರೆ ಏನೇ ಇದ್ದರೂ, ಸಿಸ್ಟರ ಕೈಯಲ್ಲಿ ಸಿರಿಂಜ್ ಇರುವಾಗ ದಯವಿಟ್ಟು ಎರಡು ನಿಮಿಷ ಕಾಯಿರಿ.