ಶಾಲೆಯಿಂದ ಹೋಗುವ ಪತ್ರ: ಬರೆಯಲು ಕಲಿಸುವುದು ಹೇಗೆ?

ಪಾಠಯೋಜನೆ ಬರೆಯುವುದನ್ನು ಪ್ರಶಿಕ್ಷಣಾರ್ಥಿಗಳಿಗೆ ನಾವು ಹಂತಹಂತವಾಗಿ ಕಲಿಸುತ್ತೇವೆ. ಕಚೇರಿ ಪತ್ರವನ್ನು ಮಾತ್ರ ‘ಕೆಲಸಕ್ಕೆ ಸೇರಿದ ಮೇಲೆ ತಾನಾಗಿ ಬರುತ್ತದೆ’ ಎಂದು ಬಿಟ್ಟುಬಿಡುತ್ತೇವೆ. ನನಗೆ ಅದು ತಾನಾಗಿ ಬರಲಿಲ್ಲ.

ಆಗ ನಾನು ಒಂದು ಗ್ರಾಮೀಣ ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕಿ. ಮಳೆಗಾಲ ಶುರುವಾದೊಡನೆ ಎಂಟನೇ ತರಗತಿಯ ಚಾವಣಿ ಸೋರತೊಡಗಿತು. ಮೇಲಿನ ಕಚೇರಿಗೆ ಪತ್ರ ಬರೆಯಲು ಮುಖ್ಯ ಶಿಕ್ಷಕರು ನನಗೇ ಹೇಳಿದರು. ಎರಡು ಪುಟ ಬರೆದೆ. ಶಾಲೆಯ ಇತಿಹಾಸ, ಊರ ಹಿರಿಯರ ದಾನ, ಹಿಂದಿನ ವರ್ಷದ ಫಲಿತಾಂಶ ಎಲ್ಲವೂ ಅದರಲ್ಲಿದ್ದವು. ಕೊನೆಯ ಸಾಲು: ‘ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ.’

ಆರು ವಾರ ಉತ್ತರ ಬರಲಿಲ್ಲ. ಒಂದು ಮಧ್ಯಾಹ್ನ, ಮಕ್ಕಳು ಬಿಸಿಯೂಟಕ್ಕೆ ಹೋಗಿದ್ದಾಗ, ಗಾರೆಯ ದೊಡ್ಡ ಚೆಕ್ಕೆ ಮುಂದಿನ ಬೆಂಚಿನ ಮೇಲೆ ಬಿತ್ತು.

ಮರುದಿನ ಕಚೇರಿಗೆ ಹೋದೆ. ಪತ್ರ ಕಡತದಲ್ಲೇ ಇತ್ತು. ವಿಷಯ ನಿರ್ವಾಹಕರು, “ಮೇಡಂ, ಎಷ್ಟು ಕೊಠಡಿ, ರಿಪೇರಿಯೋ ಹೊಸ ಕಟ್ಟಡವೋ, ಏನೂ ತಿಳಿಯುವುದಿಲ್ಲ. ಸಾಹೇಬರಿಗೆ ಏನೆಂದು ಟಿಪ್ಪಣಿ ಬರೆಯಲಿ?” ಎಂದರು. ಸಿಟ್ಟು ಬಂತು. ಬಸ್ಸಿನಲ್ಲಿ ಕುಳಿತು ನನ್ನ ಪತ್ರದ ನಕಲು ಓದಿದಾಗ ಅವರ ಮಾತೇ ಸರಿ ಎನಿಸಿತು.

ಕಚೇರಿಗೆ ಬಂದ ಪತ್ರ ಮೊದಲು ತಪಾಲಿನಲ್ಲಿ ದಾಖಲಾಗುತ್ತದೆ, ನಂತರ ವಿಷಯ ನಿರ್ವಾಹಕರ ಮೇಜಿಗೆ ಹೋಗುತ್ತದೆ. ಅವರು ಟಿಪ್ಪಣಿ ಬರೆದು ಮಂಡಿಸಿದ ಮೇಲೆಯೇ ಅಧಿಕಾರಿಯ ತೀರ್ಮಾನ. ‘ಮಾನ್ಯ ಅಧಿಕಾರಿಗಳಿಗೆ’ ಎಂದು ಬರೆದರೂ ಪತ್ರವನ್ನು ಪೂರ್ತಿ ಓದುವವರು ವಿಷಯ ನಿರ್ವಾಹಕರು. ಅವರ ಟಿಪ್ಪಣಿಗೆ ಬೇಕಾದದ್ದು ಪತ್ರದಲ್ಲಿದ್ದರೆ ಕಡತ ಮುಂದೆ ಹೋಗುತ್ತದೆ.

ಆ ರಾತ್ರಿ ಅರ್ಧ ಪುಟದಲ್ಲಿ ಮತ್ತೆ ಬರೆದೆ. ವಿಷಯ: ‘8ನೇ ತರಗತಿ ಕೊಠಡಿಯ ಚಾವಣಿ ದುರಸ್ತಿಗಾಗಿ ಎಂಜಿನಿಯರ್ ಅವರಿಂದ ಸ್ಥಳ ಪರಿಶೀಲನೆ ಕೋರಿ.’ ಮೊದಲ ವಾಕ್ಯದಲ್ಲೇ ಆ ಕೋರಿಕೆ. ನಂತರ ಗಾರೆ ಬಿದ್ದ ದಿನಾಂಕ, 42 ಮಕ್ಕಳು ಈಗ ವರಾಂಡದಲ್ಲಿ ಕುಳಿತಿರುವ ಸಂಗತಿ. ಉಲ್ಲೇಖದಲ್ಲಿ ಹಿಂದಿನ ಪತ್ರದ ಸಂಖ್ಯೆ ಮತ್ತು ದಿನಾಂಕ. ಶಾಲೆಯ 11 ಅಂಕಿಗಳ ಯುಡೈಸ್ ಸಂಖ್ಯೆ. ಲಗತ್ತು: ಎರಡು ಫೋಟೊ, ಎಸ್‌ಡಿಎಂಸಿ ನಿರ್ಣಯದ ಪ್ರತಿ. ‘ಮಾನ್ಯರೇ’, ‘ವಂದನೆಗಳೊಂದಿಗೆ’ ಹಾಗೆಯೇ ಉಳಿದವು. ಗೌರವಕ್ಕೆ ಅಷ್ಟು ಸಾಕಾಗಿತ್ತು. ಹತ್ತು ದಿನಗಳಲ್ಲಿ ಎಂಜಿನಿಯರ್ ಬಂದರು. ಪತ್ರವೊಂದೇ ಕಾರಣ ಎನ್ನಲಾರೆ, ಬಿದ್ದ ಗಾರೆಯ ಫೋಟೊವೂ ಕೆಲಸ ಮಾಡಿತ್ತು.

ಎನ್‌ಸಿಟಿಇಯ 2014ರ ನಿಯಮಾವಳಿಯ ನಂತರ ಬಿ.ಇಡಿ. ಎರಡು ವರ್ಷದ್ದಾಗಿ, ಶಾಲೆಯಲ್ಲಿ ಕಳೆಯುವ ದಿನಗಳೂ ಹೆಚ್ಚಿವೆ. ಈ ಅವಧಿಯಲ್ಲಿ ನಾನು ಒಂದು ಅಭ್ಯಾಸ ಮಾಡಿಸುತ್ತೇನೆ. ಪ್ರತಿಯೊಬ್ಬರೂ ತಮ್ಮ ಅಭ್ಯಾಸ ಶಾಲೆಗೆ ನಿಜವಾಗಿ ಬೇಕಿರುವ ಒಂದು ಪತ್ರದ ಕರಡು ಬರೆಯಬೇಕು. ಆ ಶಾಲೆಯನ್ನು ಕಾಣದ ಸಹಪಾಠಿ ಅದನ್ನು ಒಂದು ನಿಮಿಷ ಓದಿ, ಪತ್ರ ಮುಚ್ಚಿ, ಮೂರು ಪ್ರಶ್ನೆಗೆ ಉತ್ತರಿಸಬೇಕು: ಏನು ಕೇಳಿದ್ದಾರೆ? ಯಾವಾಗೊಳಗೆ ಬೇಕು? ತಡವಾದರೆ ಯಾರಿಗೆ ತೊಂದರೆ? ಉತ್ತರ ಬಾರದಿದ್ದರೆ ತಿದ್ದಬೇಕಾದವರು ಬರೆದವರು.

ಕಾಗುಣಿತಕ್ಕೆ ಅಂಕ ಕೊಡುವ ಮೊದಲು ಈ ಮೂರು ಉತ್ತರಗಳಿಗೆ ಅಂಕ ಕೊಡಿ. ನಾಳೆ ಅವರು ಬರೆಯುವ ಪತ್ರಕ್ಕಾಗಿ ಒಂದು ತರಗತಿಯ ಮಕ್ಕಳು ವರಾಂಡದಲ್ಲಿ ಕಾಯುತ್ತಿರಬಹುದು.