ಎಂಟು ಕೋಟಿ ಗಾಲಿಕುರ್ಚಿ, ಹದಿನೈದು ಸೆಂಟಿಮೀಟರ್ ಮೆಟ್ಟಿಲು

ಜಗತ್ತಿನಲ್ಲಿ ಸುಮಾರು 8 ಕೋಟಿ ಜನಕ್ಕೆ ಗಾಲಿಕುರ್ಚಿ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದೊಂದಕ್ಕೆ ಒಂದು ಮೀಟರ್ ಜಾಗ ಕೊಟ್ಟು ಸಾಲಾಗಿ ನಿಲ್ಲಿಸಿದರೆ 80,000 ಕಿಲೋಮೀಟರ್; ಹೆಚ್ಚುಕಡಿಮೆ ಭೂಮಿಗೆ ಎರಡು ಸುತ್ತು. ಆದರೆ ಕುರ್ಚಿ ಸಿಕ್ಕಿರುವುದು, ಒಂದೊಂದು ದೇಶದಲ್ಲಿ ಒಂದೊಂದು ರೀತಿ, ನೂರಕ್ಕೆ 5ರಿಂದ 35 ಜನರಿಗೆ. ಎಲ್ಲೆಡೆಯೂ 35 ಎಂದೇ ಕೈಬಿಚ್ಚಿ ಲೆಕ್ಕ ಹಾಕಿದರೂ ಒಂದು ಸುತ್ತು ಪೂರ್ತಿಯಾಗುವುದಿಲ್ಲ.

ನಮ್ಮ ದೇಶದ ಲೆಕ್ಕಕ್ಕೆ ಬಂದರೆ ಬೆರಗು ಇನ್ನೊಂದು ಬಗೆಯದು. ಜಗತ್ತಿನ ಜನಸಂಖ್ಯೆಯಲ್ಲಿ ಶೇ 16ರಷ್ಟು ಮಂದಿಗೆ ಗಣನೀಯ ಅಂಗವೈಕಲ್ಯವಿದೆ ಎಂಬುದು ಅದೇ ಸಂಸ್ಥೆಯ ಅಂದಾಜು. 2011ರ ನಮ್ಮ ಜನಗಣತಿ ಕಂಡದ್ದು ಶೇ 2.21, ಅಂದರೆ 2.68 ಕೋಟಿ ಜನ. ಕೇಳುವ ಪ್ರಶ್ನೆ ಬೇರೆ, ವ್ಯಾಖ್ಯೆ ಬೇರೆ, ಒಪ್ಪೋಣ. ಆದರೂ ಏಳು ಪಟ್ಟು ಅಂತರ!

ಆ ಜನಗಣತಿಯ ಕೋಷ್ಟಕವನ್ನು ಸಮುದಾಯವಾರು ಬಿಡಿಸಿದಾಗ ನನ್ನ ಕಣ್ಣು ಅಲ್ಲೇ ನಿಂತಿತು. ಪರಿಶಿಷ್ಟ ಜಾತಿಗಳಲ್ಲಿ ಶೇ 2.45, ಎಲ್ಲರಿಗಿಂತ ಹೆಚ್ಚು. ಪರಿಶಿಷ್ಟ ಪಂಗಡಗಳಲ್ಲಿ ಶೇ 2.05, ಎಲ್ಲರಿಗಿಂತ ಕಡಿಮೆ. ಆಸ್ಪತ್ರೆಯಿಂದ ಅತಿ ದೂರ ಇರುವ ಆದಿವಾಸಿ ಹಾಡಿ, ಪೋಡುಗಳಲ್ಲಿ ಅಂಗವೈಕಲ್ಯ ಕಡಿಮೆಯೇ? ನನಗೆ ನಂಬಿಕೆ ಬರುವುದಿಲ್ಲ. ಎಣಿಸುವವರ ಕಣ್ಣಿಗೆ ಬೀಳದವರು ಅಲ್ಲಿ ಹೆಚ್ಚಿದ್ದಾರೆ ಎಂದೇ ನಾನು ಓದಿಕೊಳ್ಳುತ್ತೇನೆ. ಎಣಿಕೆಗೆ ಸಿಕ್ಕವರೇ ದೇಶದಲ್ಲಿ 21 ಲಕ್ಷ ಅಂಗವಿಕಲ ಆದಿವಾಸಿಗಳಿದ್ದಾರೆ.

ಲೆಕ್ಕಕ್ಕೆ ಸಿಕ್ಕರೂ ಸಾಲದು, ಕಾಗದ ಬೇಕು. ಉಪಕರಣ ಕೊಡುವ ಕೇಂದ್ರದ ಅಡಿಪ್ ಯೋಜನೆ 1981ರಿಂದ ಇದೆ. ಅದಕ್ಕೆ ಕನಿಷ್ಠ ಶೇ 40ರಷ್ಟು ಅಂಗವೈಕಲ್ಯದ ಪ್ರಮಾಣಪತ್ರ ಬೇಕು. 2018ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಅಂಗವೈಕಲ್ಯದ ಪ್ರಮಾಣಪತ್ರ ಇದ್ದದ್ದು ಅಂಗವಿಕಲರ ಪೈಕಿ ಶೇ 28.8 ಜನರ ಬಳಿ ಮಾತ್ರ. ನಡೆಯಲಾರೆ ಎಂದು ತೋರಿಸಲು ಬಿಳಿಗಿರಿರಂಗನ ಬೆಟ್ಟದ ಸೋಲಿಗ ಅಜ್ಜಿಯೊಬ್ಬರು ಮೊದಲು ಬೆಟ್ಟ ಇಳಿದು ಆಸ್ಪತ್ರೆಗೆ ಹೋಗಬೇಕು. ಹೊತ್ತೊಯ್ಯುವ ಮಗನಿಗೆ ಆ ದಿನದ ಕೂಲಿ ಇಲ್ಲ.

ಇಷ್ಟೆಲ್ಲ ಆಗಿ ಕುರ್ಚಿ ಮನೆ ಬಾಗಿಲಿಗೆ ಬಂತು ಎನ್ನಿ. ಒಂದು ಮೆಟ್ಟಿಲ ಎತ್ತರ 15 ಸೆಂಟಿಮೀಟರ್. ಇಳಿಜಾರಿನ ನಿಯಮ ಎತ್ತರ ಒಂದಕ್ಕೆ ಉದ್ದ ಹನ್ನೆರಡು. ಆ ಒಂದು ಮೆಟ್ಟಿಲು ದಾಟಲು 1.8 ಮೀಟರ್ ಉದ್ದದ ರ‍್ಯಾಂಪ್ ಬೇಕು. ಮೂರು ಮೆಟ್ಟಿಲ ಜಗಲಿಯಾದರೆ 5.4 ಮೀಟರ್. ಎಷ್ಟೋ ಮನೆಗಳ ಮುಂದೆ ಅಷ್ಟು ಅಂಗಳವೇ ಇರುವುದಿಲ್ಲ. ಮಳೆಗಾಲದ ಕೆಸರಿನಲ್ಲಿ ಮುಂದಿನ ಸಣ್ಣ ಚಕ್ರಗಳು ಹೂತುಹೋಗುತ್ತವೆ. ಆಸನ ಮೈಗೆ ಹೊಂದದಿದ್ದರೆ ಕೂತಲ್ಲೇ ಹುಣ್ಣಾಗುತ್ತದೆ. ನುಣುಪಾದ ನೆಲಕ್ಕೆ ಮಾಡಿದ ಆಸ್ಪತ್ರೆಯ ಕುರ್ಚಿಯನ್ನು ಪೋಡಿನ ಅಂಗಳಕ್ಕೆ ಕೊಟ್ಟರೆ ಅದು ಮೂಲೆ ಸೇರುತ್ತದೆ. ಸರ್ಕಾರದ ದಾಖಲೆಯಲ್ಲಿ ಮಾತ್ರ ಅದು ‘ವಿತರಿಸಲಾಗಿದೆ’.

ಅಳತೆ ತೆಗೆದು, ಕೂರಿಸಿ ನೋಡಿ, ಓಡಿಸಲು ಕಲಿಸಿ, ಮತ್ತೆ ಬಂದು ರಿಪೇರಿ ಮಾಡಿಕೊಟ್ಟರೆ ಮಾತ್ರ ಅದು ಸೇವೆ. ಕರ್ನಾಟಕದಲ್ಲಿ ಇದಕ್ಕೆ ಕೈಗಳು ಆಗಲೇ ಇವೆ: ಗ್ರಾಮ ಪಂಚಾಯತಿ ಮಟ್ಟದಲ್ಲಿ ಗೌರವಧನದ ಮೇಲೆ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ರಾಜ್ಯದ ಪಂಚಾಯತಿಗಳು ಸುಮಾರು 6,000. ಜನಗಣತಿ ಎಣಿಸಿದ ಅಂಗವಿಕಲರು 13.24 ಲಕ್ಷ. ಪಟ್ಟಣದವರನ್ನೂ ಸೇರಿಸಿ ಭಾಗಿಸಿದರೂ ಪಂಚಾಯತಿಗೆ 220 ಜನ. ಹೆಸರು ಹಿಡಿದು ಕರೆಯಬಹುದಾದಷ್ಟೇ ಮಂದಿ. ಸರ್ಕಾರ ಆ ಕಾರ್ಯಕರ್ತರ ಕೈಗೆ ಒಂದು ಅಳತೆಪಟ್ಟಿ, ಒಂದು ಸ್ಪ್ಯಾನರ್ ಸೆಟ್, ಸರಿಯಾದ ತರಬೇತಿ, ಬದುಕಲು ಸಾಕಾಗುವ ಸಂಬಳ ಕೊಟ್ಟು ಮೊದಲು ಹಾಡಿಗಳಿಗೆ, ಕೇರಿಗಳಿಗೆ ಕಳಿಸಲಿ.